ನ್ಯೂಯಾರ್ಕಿನ ರಾಕ್ಸಿ ಚಿತ್ರಮಂದಿರ ಮೂವತ್ಮೂರೇ ವರ್ಷಕ್ಕೆ ನೆಲಸಮವಾದದ್ದೇಕೆ?

ಹಳೆರೀಲು (ಪ್ರಶ್ನೆ)

ಹಳೆಯ ಚಿತ್ರಮಂದಿರಗಳ ಚರಿತ್ರೆಯಲ್ಲಿ ಆಸಕ್ತಿಯಿರುವ ಎಲ್ಲರಿಗೂ ನಮಸ್ಕಾರ. ನ್ಯೂಯಾರ್ಕಿನ ರಾಕ್ಸಿ ಚಿತ್ರಮಂದಿರದ ಬಗ್ಗೆ ಬಲ್ಲವರು ಸ್ವಲ್ಪ ವಿವರವಾಗಿ ತಿಳಿಸಬೇಕೆಂದು ಕೋರುತ್ತೇನೆ. 1927ರ ಮಾರ್ಚ್ 11ರಂದು ಗ್ಲೋರಿಯಾ ಸ್ವಾನ್ಸನ್ ನಟಿಸಿದ ಮೂಕಿಚಿತ್ರವೊಂದರೊಂದಿಗೆ ಅದು ಉದ್ಘಾಟನೆಯಾಯಿತು, ಅದರಲ್ಲಿ 5,920 ಆಸನಗಳಿದ್ದವು, ಕಟ್ಟಲು 1 ಕೋಟಿ 20 ಲಕ್ಷ ಡಾಲರ್ ತಗಲಿತು ಎಂಬಷ್ಟು ಗೊತ್ತಿದೆ. ಅಂದಿನ ಜಾಹೀರಾತುಗಳು ಅದನ್ನು ಚಲನಚಿತ್ರದ ಮಹಾದೇಗುಲವೆಂದೇ ಕರೆಯುತ್ತಿದ್ದವು. ಅಂಥ ಕಟ್ಟಡ 1960ರ ಮಾರ್ಚ್ 29ರಂದು ಬಾಗಿಲು ಮುಚ್ಚಿ, ಅದೇ ವರ್ಷ ನೆಲಸಮವಾಯಿತು. ಕೆಡಹುತ್ತಿದ್ದ ಅವಶೇಷಗಳ ನಡುವೆ ಕಪ್ಪು ಉಡುಪು ತೊಟ್ಟು, ಎರಡೂ ತೋಳುಗಳನ್ನು ಮೇಲೆತ್ತಿ ನಿಂತ ಸ್ವಾನ್ಸನ್ ಅವರ ಛಾಯಾಚಿತ್ರವನ್ನು ಅನೇಕರು ನೋಡಿರಬಹುದು. ಲೈಫ್ ಪತ್ರಿಕೆಗಾಗಿ ಎಲಿಯಟ್ ಎಲಿಸೊಫೋನ್ ತೆಗೆದ ಚಿತ್ರ ಅದು.

ನನ್ನ ಸಂದೇಹ ಇಷ್ಟು. ಕೇಳಿದವರೆಲ್ಲ ‘ಟೆಲಿವಿಷನ್ ಬಂತು, ಚಿತ್ರಮಂದಿರ ಹೋಯಿತು’ ಎಂದು ಒಂದೇ ಮಾತಿನಲ್ಲಿ ಮುಗಿಸುತ್ತಾರೆ. ಆದರೆ ಅಲ್ಲಿಂದ ಕೂಗಳತೆಯಲ್ಲಿ, ಅದೇ 50ನೆಯ ಬೀದಿಯ ಮಗ್ಗುಲಲ್ಲಿ, 1932ರ ಡಿಸೆಂಬರಿನಲ್ಲಿ ತೆರೆದ ರೇಡಿಯೊ ಸಿಟಿ ಮ್ಯೂಸಿಕ್ ಹಾಲ್ ಇಂದಿಗೂ ನಿಂತಿದೆ. ಅದರ ಗಾತ್ರವೂ ಹೆಚ್ಚುಕಡಿಮೆ ರಾಕ್ಸಿಯಷ್ಟೇ. ಎರಡರ ಆರಂಭಕ್ಕೂ ಚುಕ್ಕಾಣಿ ಹಿಡಿದವರು ಒಬ್ಬರೇ ಮನುಷ್ಯರು. ಹಾಗಿರುವಾಗ ಒಂದು ಉಳಿದು ಇನ್ನೊಂದು ಅಳಿದದ್ದು ಹೇಗೆ?

ಮೂಲೆಸೀಟು

ತಮ್ಮ ಪ್ರಶ್ನೆಗೆ ಉತ್ತರ ಹುಡುಕಲು 1960ರಿಂದ ಹಿಂದಕ್ಕೆ, ಕಟ್ಟಡದ ಹುಟ್ಟಿಗೇ ಹೋಗಬೇಕಾಗುತ್ತದೆ. ಏಕೆಂದರೆ ರಾಕ್ಸಿಯ ಲೆಕ್ಕಾಚಾರ ಬಾಗಿಲು ತೆರೆಯುವ ಮೊದಲೇ ತಪ್ಪಿತ್ತು ಎಂಬುದು ನನ್ನ ಅಭಿಪ್ರಾಯ.

ಎರಡಕ್ಕೂ ಚುಕ್ಕಾಣಿ ಹಿಡಿದವರೆಂದು ತಾವು ಹೇಳಿದ ಮನುಷ್ಯರು ಸ್ಯಾಮ್ಯುಯೆಲ್ ರಾಥಾಫೆಲ್, ಅವರ ಅಡ್ಡಹೆಸರೇ ರಾಕ್ಸಿ. 1908ರ ಸುಮಾರಿಗೆ ಪೆನ್ಸಿಲ್ವೇನಿಯಾದ ಫಾರೆಸ್ಟ್ ಸಿಟಿ ಎಂಬ ಸಣ್ಣ ಊರಿನಲ್ಲಿ, ಬಾರೊಂದರ ಹಿಂಬದಿಯ ಕೋಣೆಯಲ್ಲಿ ಚಿತ್ರ ತೋರಿಸಲು ತೊಡಗಿದ ಇವರು, ಮುಂದೆ ನ್ಯೂಯಾರ್ಕಿಗೆ ಬಂದು ರೀಜೆಂಟ್, ಸ್ಟ್ರಾಂಡ್, ರಿಯಾಲ್ಟೊ, ರಿವೊಲಿ, ಕ್ಯಾಪಿಟಲ್ ಎಂದು ಒಂದರ ಹಿಂದೊಂದು ದೊಡ್ಡ ಚಿತ್ರಮಂದಿರಗಳನ್ನು ನಡೆಸಿದರು. ಮೂಕಿಚಿತ್ರಕ್ಕೆ ತಕ್ಕ ವಾದ್ಯಮೇಳ, ಚಿತ್ರಕ್ಕೆ ಮುನ್ನ ನೃತ್ಯ ಮತ್ತು ಗಾಯನ, ಬಣ್ಣ ಬದಲಿಸುವ ದೀಪಗಳು, ಸಮವಸ್ತ್ರ ತೊಟ್ಟು ವಿನಯದಿಂದ ಸೀಟು ತೋರಿಸುವ ಹುಡುಗರು, ಇವೆಲ್ಲ ಸೇರಿದರೆ ಮಾತ್ರ ಅದು ಪೂರ್ಣ ಪ್ರದರ್ಶನ ಎಂಬುದು ಅವರ ಸಿದ್ಧಾಂತವಾಗಿತ್ತು. 1922ರಿಂದ ಕ್ಯಾಪಿಟಲ್ ಚಿತ್ರಮಂದಿರದಿಂದ ರೇಡಿಯೊದಲ್ಲಿ ಕಾರ್ಯಕ್ರಮ ನೀಡತೊಡಗಿದ ಮೇಲಂತೂ ಅವರ ದನಿ ಅಮೆರಿಕದ ಮನೆಮನೆಗೂ ಪರಿಚಿತವಾಯಿತು.

ಹರ್ಬರ್ಟ್ ಲೂಬಿನ್ ಎಂಬ ಚಿತ್ರೋದ್ಯಮಿ 1925ರಲ್ಲಿ ಜಗತ್ತಿನಲ್ಲೇ ದೊಡ್ಡದಾದ ಚಿತ್ರಮಂದಿರ ಕಟ್ಟಲು ಹೊರಟಾಗ ಈ ಹೆಸರನ್ನೇ ಬಂಡವಾಳವಾಗಿ ನೆಚ್ಚಿಕೊಂಡರು. ರಾಥಾಫೆಲ್ ಅವರಿಗೆ ದೊಡ್ಡ ಸಂಬಳ, ಲಾಭದಲ್ಲಿ ಪಾಲು, ಷೇರುಗಳ ಆಶ್ವಾಸನೆ, ಜೊತೆಗೆ ಕಟ್ಟಡಕ್ಕೇ ಅವರ ಹೆಸರು. ಹಾಗೆ ಬಂದವರು ಖರ್ಚಿನಲ್ಲಿ ಕೈ ಬಿಗಿ ಹಿಡಿಯುವವರಾಗಿರಲಿಲ್ಲ. ನಕ್ಷೆ ಬದಲಾಗುತ್ತ, ಅಲಂಕಾರ ಹೆಚ್ಚುತ್ತ ಹೋಗಿ, ಅಂದಾಜನ್ನು ಸುಮಾರು 25 ಲಕ್ಷ ಡಾಲರ್ ಮೀರಿದ ಹೊತ್ತಿಗೆ ಲೂಬಿನ್ ದಿವಾಳಿಯ ಅಂಚಿಗೆ ಬಂದು, ಉದ್ಘಾಟನೆಗೆ ಒಂದು ವಾರವಿರುವಾಗ ತಮ್ಮ ಪಾಲನ್ನು ಚಿತ್ರ ಕಂಪನಿಯೊಂದರ ಒಡೆಯರಾದ ವಿಲಿಯಂ ಫಾಕ್ಸ್ ಅವರಿಗೆ 50 ಲಕ್ಷ ಡಾಲರಿಗೆ ಮಾರಿದರು. ಅಂದರೆ ಮೊದಲ ಪ್ರೇಕ್ಷಕ ಒಳಗೆ ಕಾಲಿಡುವ ಮೊದಲೇ ಚಿತ್ರಮಂದಿರದ ಯಜಮಾನಿಕೆ ಕೈ ಬದಲಿಸಿತ್ತು.

ಇನ್ನು ನಿತ್ಯದ ಖರ್ಚನ್ನು ನೋಡಿ. 110 ಜನರ ವಾದ್ಯವೃಂದ, ಅದಕ್ಕೆ ಎರ್ನೊ ರಾಪೀ ಅವರಂಥ ನಿರ್ದೇಶಕರು, ಗಾಯಕರ ತಂಡ, ಬ್ಯಾಲೆ ತಂಡ, ನರ್ತಕಿಯರ ಸಾಲು, ಉಡುಪು ಹೊಲಿಯುವ ವಿಭಾಗ, ಲಾಂಡ್ರಿ, ಕ್ಷೌರದಂಗಡಿ, ಚಿಕಿತ್ಸಾ ಕೊಠಡಿ, ರಂಗದ ಮೇಲೆ ತರುವ ಪ್ರಾಣಿಗಳಿಗೆಂದೇ ಒಂದು ಜಾಗ. ಇವರೆಲ್ಲರ ವಾರದ ಬಟವಾಡೆ ಆಗಬೇಕಾದರೆ ಸೀಟುಗಳು ಸದಾ ತುಂಬಿರಬೇಕು. ದಿನಕ್ಕೆ ನಾಲ್ಕು ಪ್ರದರ್ಶನವೆಂದು ಹಿಡಿದರೂ 23,680 ಟಿಕೆಟ್, ವಾರಕ್ಕೆ 1,65,760. ಒಂದು ಸಣ್ಣ ಪಟ್ಟಣದ ಜನರನ್ನೆಲ್ಲ ಪ್ರತಿ ವಾರ ಹೊಸದಾಗಿ ಕರೆತಂದು ಕೂರಿಸಿದ ಹಾಗೆ. ಒಳ್ಳೆಯ ಚಿತ್ರ ಬಂದ ವಾರ ಇದು ಸಾಧ್ಯವಾಗುತ್ತಿತ್ತು. ಸಾಧಾರಣ ಚಿತ್ರ ಬಂದ ವಾರ ಅರ್ಧ ತುಂಬಿದರೂ ಮೂರು ಸಾವಿರ ಜನ ಕೂತಿದ್ದಾರೆ ಎಂದು ಹೆಮ್ಮೆಪಡಬಹುದಾಗಿತ್ತೇ ವಿನಾ ಖರ್ಚು ಹುಟ್ಟುತ್ತಿರಲಿಲ್ಲ.

ಉದ್ಘಾಟನೆಯಾದ ವರ್ಷವೇ ವಾಕ್ಚಿತ್ರ ಬಂತು, ಎರಡು ವರ್ಷಕ್ಕೆ ಷೇರುಪೇಟೆ ಕುಸಿಯಿತು, 1930ರಲ್ಲಿ ಫಾಕ್ಸ್ ತಮ್ಮ ಕಂಪನಿಯ ಹಿಡಿತವನ್ನೇ ಕಳೆದುಕೊಂಡರು. 1932ರ ಹೊತ್ತಿಗೆ ರಾಕ್ಸಿ ನ್ಯಾಯಾಲಯದ ಉಸ್ತುವಾರಿಗೆ ಹೋಗಿತ್ತು, ರಾಥಾಫೆಲ್ ರೇಡಿಯೊ ಸಿಟಿಗೆ ಹೊರಟಿದ್ದರು. ಆಮೇಲೆ ಟ್ವೆಂಟಿಯತ್ ಸೆಂಚುರಿ ಫಾಕ್ಸ್ ಚಿತ್ರಗಳ ಮುಖ್ಯ ನೆಲೆಯಾಗಿ ಅದು ಚೇತರಿಸಿಕೊಂಡದ್ದು ನಿಜ. 1953ರ ಸೆಪ್ಟೆಂಬರ್ 16ರಂದು ಸಿನೆಮಾಸ್ಕೋಪಿನ ಮೊದಲ ಚಿತ್ರವಾದ ‘ದಿ ರೋಬ್’ ತೆರೆಕಂಡದ್ದು ಅಲ್ಲಿಯೇ. ಆದರೆ ಆ ವೇಳೆಗೆ ಕಾಲ ಬದಲಾಗಿತ್ತು. ಚಿತ್ರ ತಯಾರಿಸುವ ಕಂಪನಿಗಳೇ ಚಿತ್ರಮಂದಿರಗಳ ಒಡೆತನವನ್ನೂ ಇಟ್ಟುಕೊಳ್ಳುವುದರ ವಿರುದ್ಧ ಅಮೆರಿಕದ ಸುಪ್ರೀಂ ಕೋರ್ಟ್ 1948ರಲ್ಲಿ ತೀರ್ಪು ನೀಡಿದ ಮೇಲೆ, ನಷ್ಟವಾದರೂ ಸರಿ ನಮ್ಮದೇ ಚಿತ್ರಮಂದಿರ ಎಂದು ಸಾಕುವ ಧಣಿ ಇಲ್ಲವಾದ. 1946ರಲ್ಲಿ ಉತ್ತುಂಗದಲ್ಲಿದ್ದ ಪ್ರೇಕ್ಷಕರ ಸಂಖ್ಯೆ ಮುಂದಿನ ಹನ್ನೆರಡು ವರ್ಷಗಳಲ್ಲಿ ಸುಮಾರು ಅರ್ಧಕ್ಕಿಳಿಯಿತು. ಟೆಲಿವಿಷನ್ ಇದರಲ್ಲಿ ಒಂದು ಪಾಲು, ಜನ ಊರ ಹೊರಗಿನ ಬಡಾವಣೆಗಳಿಗೆ ಗುಳೆ ಹೋದದ್ದು ಇನ್ನೊಂದು ಪಾಲು.

ರೇಡಿಯೊ ಸಿಟಿಗೆ ಈ ಕಷ್ಟಗಳೆಲ್ಲ ಇದ್ದರೂ ಬೆನ್ನಿಗೆ, ಅದು ಸೇರಿದ್ದ ಭಾರಿ ಕಟ್ಟಡಗಳ ಸಮೂಹವಾದ ರಾಕ್‌ಫೆಲ್ಲರ್ ಸೆಂಟರ್ ಇತ್ತು. ಅದೇ ವ್ಯತ್ಯಾಸವೆಂದು ನಾನು ತಿಳಿದಿದ್ದೇನೆ.

ಪ್ರೊಜೆಕ್ಟರ್ ಕೋಣೆ

ಹಣಕಾಸಿನ ಕಥೆಯನ್ನು ಮೂಲೆಸೀಟು ಅವರು ಚೆನ್ನಾಗಿ ಬಿಡಿಸಿ ಹೇಳಿದ್ದಾರೆ. ಕಟ್ಟಡದೊಳಗಿನ ಎರಡು ಸಂಗತಿಗಳನ್ನು ನಾನು ಸೇರಿಸಬಯಸುತ್ತೇನೆ, ಏಕೆಂದರೆ ಒಂದು ಅದರ ಜಾಣತನವನ್ನು, ಇನ್ನೊಂದು ಅದರ ಕೊರತೆಯನ್ನು ತೋರಿಸುತ್ತದೆ.

ಜಾಣತನವಿದ್ದದ್ದು ಪ್ರೊಜೆಕ್ಟರ್ ಇಟ್ಟ ಜಾಗದಲ್ಲಿ. ಆ ಕಾಲದ ದೊಡ್ಡ ಚಿತ್ರಮಂದಿರಗಳಲ್ಲಿ ಪ್ರೊಜೆಕ್ಟರ್ ಕೋಣೆಯನ್ನು ಬಾಲ್ಕನಿಯ ಹಿಂಬದಿಯ ತುತ್ತತುದಿಯಲ್ಲಿ, ಸೂರಿಗೆ ಅಂಟಿಸಿದಂತೆ ಕಟ್ಟುತ್ತಿದ್ದರು. ಅಲ್ಲಿಂದ ಬೆಳಕು ಕಡಿದಾದ ಇಳಿಜಾರಿನಲ್ಲಿ ಪರದೆಯ ಮೇಲೆ ಬೀಳುವುದರಿಂದ, ಪರದೆಯ ಕೆಳಭಾಗಕ್ಕೆ ದೂರ ಹೆಚ್ಚಾಗಿ, ಚಿತ್ರ ಮೇಲೆ ಕಿರಿದು ಕೆಳಗೆ ಅಗಲವಾಗಿ ಕಾಣುತ್ತಿತ್ತು. ನಿಂತ ಮನುಷ್ಯನ ತಲೆ ಸಣ್ಣದು, ಕಾಲು ದಪ್ಪ. ರಾಕ್ಸಿಯಲ್ಲಿ ವಾಸ್ತುಶಿಲ್ಪಿ ವಾಲ್ಟರ್ ಆಲ್‌ಶ್ಲಾಗರ್ ಅವರು ಕೋಣೆಯನ್ನು ಬಾಲ್ಕನಿಯ ಮುಂಭಾಗದ ಕಟ್ಟೆಯೊಳಗೇ ಹುದುಗಿಸಿದರು. ಬೆಳಕಿನ ಓಟ ಗಿಡ್ಡವಾಯಿತು, ಓರೆ ಹೆಚ್ಚುಕಡಿಮೆ ಇಲ್ಲವಾಯಿತು, ಕಾರ್ಬನ್ ಆರ್ಕ್ ದೀಪದ ಪ್ರಕಾಶ ದಾರಿಯಲ್ಲಿ ಸೋರಿಹೋಗದೆ ಪರದೆಗೆ ಮುಟ್ಟಿತು. ಸುಮಾರು ಆರು ಸಾವಿರ ಆಸನಗಳ ಸಭಾಂಗಣದಲ್ಲಿ ಚಿತ್ರ ಅಷ್ಟು ಚೊಕ್ಕವಾಗಿ ಮೂಡುತ್ತಿದ್ದುದು ಸಾಮಾನ್ಯ ಸಾಧನೆಯೇನಲ್ಲ. ಚಿನ್ನದ ಲೇಪ ಮತ್ತು ಕಂಬಗಳನ್ನು ವರ್ಣಿಸುವವರು ಈ ಕೋಣೆಯನ್ನು ಮರೆತುಬಿಡುತ್ತಾರೆ ಎಂಬುದು ನನ್ನ ಹಳೆಯ ತಕರಾರು.

ಕೊರತೆಯಿದ್ದದ್ದು ರಂಗದಲ್ಲಿ. ನಿವೇಶನದ ಆಕಾರ ಓರೆಕೋರೆಯಾಗಿದ್ದುದರಿಂದ, ಆದಷ್ಟು ಹೆಚ್ಚು ಸೀಟು ಹಿಡಿಸಲೆಂದು ಪ್ರೇಕ್ಷಾಗೃಹವನ್ನು ಮೂಲೆಯಿಂದ ಮೂಲೆಗೆ ಕರ್ಣದಂತೆ ತಿರುಗಿಸಿ, ರಂಗವನ್ನು ಕಟ್ಟಡದ ಒಂದು ಮೂಲೆಯಲ್ಲಿ ಕೂರಿಸಿದರು. ಅದರಿಂದ ರಂಗ ಬಹಳ ಅಗಲವಾಯಿತು, ಆದರೆ ಆಳವಿಲ್ಲ, ಅಕ್ಕಪಕ್ಕದಲ್ಲಿ ದೃಶ್ಯಪಟ ಮತ್ತು ಸಲಕರಣೆ ಸರಿಸಿಡಲು ಸಾಕಷ್ಟು ಜಾಗವೂ ಇಲ್ಲ. ರಂಗಪ್ರದರ್ಶನವೇ ಪ್ರಾಣವೆಂದುಕೊಂಡ ಚಿತ್ರಮಂದಿರಕ್ಕೆ ಇದು ಸಣ್ಣ ಲೋಪವಲ್ಲ. ರೇಡಿಯೊ ಸಿಟಿಯ ರಂಗವನ್ನು ನೋಡಿದರೆ, ಏರಿಳಿಯುವ ಭಾಗಗಳು, ತಿರುಗುವ ವೇದಿಕೆ, ಯಥೇಚ್ಛ ಆಳ ಎಲ್ಲವೂ ಅಲ್ಲಿವೆ. ಚಿತ್ರವಿಲ್ಲದೆಯೂ ಒಂದು ಕಟ್ಟಡ ಬದುಕಬೇಕಾಗಿ ಬಂದಾಗ ಈ ಅಂತರ ಎಷ್ಟು ದೊಡ್ಡದೆಂದು ಗೊತ್ತಾಗುತ್ತದೆ. ರಾಕ್ಸಿಯವರು 1940ರ ದಶಕದ ಕೊನೆಯಲ್ಲಿ ರಂಗದ ಮೇಲೆ ಹಿಮ ಹೆಪ್ಪುಗಟ್ಟಿಸಿ ಸ್ಕೇಟಿಂಗ್ ಪ್ರದರ್ಶನ ನಡೆಸಿದರು. 1958ರ ಏಪ್ರಿಲಿನಲ್ಲಿ ಆಸನಗಳನ್ನು ಬಹಳಷ್ಟು ಕಡಿಮೆ ಮಾಡಿ, ಮೂರು ಪ್ರೊಜೆಕ್ಟರುಗಳ ಸಿನೆಮಿರಾಕಲ್ ಪದ್ಧತಿಯ ವಿಶಾಲ ಪರದೆಯನ್ನೂ ಹಾಕಿ ನೋಡಿದರು. ಎರಡೂ ಕೊಂಚ ಕಾಲ ಉಸಿರು ಹಿಡಿಸಿದವು ಅಷ್ಟೆ.

ಸೀಟು ತೋರಿಸುವವರ ವಿಷಯ ಬಂದದ್ದರಿಂದ ಒಂದು ಮಾತು. ಅವರ ಶಿಸ್ತು ಸೈನಿಕರದ್ದಕ್ಕೆ ಕಡಿಮೆಯಿರಲಿಲ್ಲ, ಸಮವಸ್ತ್ರದ ಇಸ್ತ್ರಿ ಎಷ್ಟು ಪ್ರಸಿದ್ಧವಾಗಿತ್ತೆಂದರೆ ಕೋಲ್ ಪೋರ್ಟರ್ ಅವರು 1934ರಲ್ಲಿ ಬರೆದ ಒಂದು ಬ್ರಾಡ್‌ವೇ ಹಾಡಿನಲ್ಲಿ, ಜಗತ್ತಿನ ಅತ್ಯುತ್ತಮ ವಸ್ತುಗಳ ಪಟ್ಟಿಯಲ್ಲಿ, ರಾಕ್ಸಿ ಹುಡುಗರ ಪ್ಯಾಂಟಿಗೂ ಜಾಗ ಸಿಕ್ಕಿತು.

ನಗರನಕ್ಷೆ

ರಾಕ್‌ಫೆಲ್ಲರ್ ಸೆಂಟರ್ ಬೆನ್ನಿಗಿದ್ದದ್ದರಿಂದ ರೇಡಿಯೊ ಸಿಟಿ ಉಳಿಯಿತು ಎಂಬ ಮೂಲೆಸೀಟು ಅವರ ಮಾತನ್ನು ನಾನು ಒಪ್ಪಲಾರೆ. ಅದಕ್ಕೆ ಎರಡು ಆಧಾರಗಳಿವೆ.

ಮೊದಲನೆಯದು ಸೆಂಟರ್ ಥಿಯೇಟರ್. ರೇಡಿಯೊ ಸಿಟಿ ತೆರೆದ ಎರಡೇ ದಿನಗಳ ನಂತರ, 1932ರ ಡಿಸೆಂಬರ್ 29ರಂದು, ಅದೇ ರಾಕ್‌ಫೆಲ್ಲರ್ ಸೆಂಟರಿನ ಆವರಣದಲ್ಲಿ ಸುಮಾರು 3,500 ಆಸನಗಳ ಇನ್ನೊಂದು ಚಿತ್ರಮಂದಿರ ಆರಂಭವಾಯಿತು. ಸ್ವಾರಸ್ಯವೆಂದರೆ ಅದಕ್ಕೂ ಮೊದಲು ರಾಕ್ಸಿ ಎಂದೇ ಹೆಸರಿಟ್ಟಿದ್ದರು. ಹಳೆಯ ರಾಕ್ಸಿಯವರು ಕೋರ್ಟಿಗೆ ಹೋಗಿ, ರಾಥಾಫೆಲ್ ಅವರು ಬಿಟ್ಟು ಹೋದರೂ ಹೆಸರು ತಮ್ಮದೇ ಎಂದು ಗೆದ್ದ ಮೇಲೆ ಅದು ಸೆಂಟರ್ ಥಿಯೇಟರ್ ಆಯಿತು. ಈ ಕಟ್ಟಡ ಮುಂದೆ ಹಿಮನೃತ್ಯಕ್ಕೆ, ಬಳಿಕ ಎನ್‌ಬಿಸಿಯ ಟೆಲಿವಿಷನ್ ಸ್ಟುಡಿಯೊಗೆ ಬಳಕೆಯಾಗಿ 1954ರಲ್ಲಿ ನೆಲಸಮವಾಯಿತು. ರಾಕ್ಸಿಗಿಂತ ಆರು ವರ್ಷ ಮೊದಲು! ಒಡೆಯರು ಅದೇ ರಾಕ್‌ಫೆಲ್ಲರ್ ಬಳಗ. ಅವರಿಗೆ ಚಿತ್ರಮಂದಿರಗಳ ಮೇಲೆ ವಿಶೇಷ ಮಮಕಾರವೇನೂ ಇರಲಿಲ್ಲವೆಂಬುದಕ್ಕೆ ಇದಕ್ಕಿಂತ ಸಾಕ್ಷಿ ಬೇಕಿಲ್ಲ.

ಎರಡನೆಯದು ಇನ್ನೂ ನೇರವಾದದ್ದು. ರಾಕ್ಸಿಯ ಅಂತ್ಯದಲ್ಲಿ ಕೈಯಿದ್ದದ್ದು ರಾಕ್‌ಫೆಲ್ಲರ್ ಸೆಂಟರಿನದೇ. ಆರನೆಯ ಅವೆನ್ಯೂವಿನ ಪಶ್ಚಿಮಕ್ಕೆ ವಿಸ್ತರಿಸಲು ಹೊರಟ ಅವರಿಗೆ ಟೈಮ್ ಆ್ಯಂಡ್ ಲೈಫ್ ಕಟ್ಟಡವನ್ನು 48 ಅಂತಸ್ತು ಏರಿಸಬೇಕಾಗಿತ್ತು. ಅಂದು ಜಾರಿಯಲ್ಲಿದ್ದ 1916ರ ವಲಯ ನಿಯಮದ ಪ್ರಕಾರ, ಎತ್ತರಕ್ಕೆ ಮಿತಿಯಿಲ್ಲದ ಗೋಪುರವನ್ನು ನಿವೇಶನದ ನಾಲ್ಕನೆಯ ಒಂದು ಭಾಗದ ಮೇಲೆ ಮಾತ್ರ ಎಬ್ಬಿಸಬಹುದಿತ್ತು, ಉಳಿದ ಭಾಗ ತಗ್ಗಾಗಿರಬೇಕು ಇಲ್ಲವೇ ಮೆಟ್ಟಿಲುಮೆಟ್ಟಿಲಾಗಿ ಹಿಂದೆ ಸರಿಯಬೇಕು. ಗೋಪುರ ದಪ್ಪವಾಗಬೇಕೆಂದರೆ ನಿವೇಶನ ದೊಡ್ಡದಾಗಬೇಕು. ಪಕ್ಕದಲ್ಲೇ ತಗ್ಗಿನ ರಾಕ್ಸಿ ಇದೆ, ಅದರ ತಲೆಯ ಮೇಲಿನ ಆಕಾಶವೆಲ್ಲ ಖಾಲಿ ಬಿದ್ದಿದೆ. 1956ರಲ್ಲಿ ರಾಕ್ಸಿಯನ್ನು ಅದರ ಮೇಲಿನ ನಿರ್ಮಾಣದ ಹಕ್ಕಿನೊಂದಿಗೆ ಕೊಂಡದ್ದರಿಂದ ಆ ಖಾಲಿ ಆಕಾಶ ಟೈಮ್ ಆ್ಯಂಡ್ ಲೈಫ್ ಗೋಪುರದ ಲೆಕ್ಕಕ್ಕೆ ಜಮೆಯಾಯಿತು. ಹಕ್ಕು ಕೈಸೇರಿದ ಮೇಲೆ ಕೆಳಗಿನ ಚಿತ್ರಮಂದಿರ ಯಾರಿಗೂ ಬೇಡದ ಕೂಸು. ಅದನ್ನು ಕೆಡವಿ, ಹೆಸರು ನೆನಪಿಟ್ಟುಕೊಳ್ಳುವ ಅಗತ್ಯವಿಲ್ಲದಂಥ ಒಂದು ಕಚೇರಿ ಕಟ್ಟಡ ಕಟ್ಟಿದರು.

ಇಲ್ಲಿ ತಾವು ಹೇಳಿದ ಛಾಯಾಚಿತ್ರದ ಬಗ್ಗೆ ಒಂದು ವಿಚಿತ್ರವಿದೆ. ರಾಕ್ಸಿಯ ಅವಶೇಷಗಳಿಗೆ ಮರುಗಿ ಆ ಚಿತ್ರ ಪ್ರಕಟಿಸಿದ ಲೈಫ್ ಪತ್ರಿಕೆಯ ಕಚೇರಿ ಆಗ ಇದ್ದದ್ದು ಯಾವ ಗೋಪುರಕ್ಕೆ ರಾಕ್ಸಿಯ ಆಕಾಶ ಸಂದಾಯವಾಯಿತೋ ಅದೇ ಗೋಪುರದಲ್ಲಿ, ಅದೇ ಬ್ಲಾಕಿನಲ್ಲಿ.

ಹಾಗಾದರೆ ರೇಡಿಯೊ ಸಿಟಿ ಉಳಿದದ್ದೇಕೆ? ಅದರ ಸರದಿ ತಡವಾಗಿ ಬಂತು, ಅಷ್ಟೇ. 1960ರಲ್ಲಿ ಕಟ್ಟಡದ ಯಜಮಾನ ಕೆಡವುತ್ತೇನೆಂದರೆ ತಡೆಯುವ ಕಾನೂನು ನ್ಯೂಯಾರ್ಕಿನಲ್ಲಿ ಇರಲಿಲ್ಲ. 1963ರಲ್ಲಿ ಪೆನ್ಸಿಲ್ವೇನಿಯಾ ರೈಲು ನಿಲ್ದಾಣವನ್ನು ಕೆಡವತೊಡಗಿದಾಗ ಎದ್ದ ಕೂಗಿನ ಬೆನ್ನಲ್ಲೇ 1965ರಲ್ಲಿ ಸ್ಮಾರಕ ರಕ್ಷಣಾ ಕಾಯಿದೆ ಬಂತು, 1973ರಲ್ಲಿ ಅದು ಕಟ್ಟಡಗಳ ಒಳಾಂಗಣಕ್ಕೂ ಅನ್ವಯಿಸಿತು. 1978ರ ಆರಂಭದಲ್ಲಿ ರೇಡಿಯೊ ಸಿಟಿಯನ್ನು ಏಪ್ರಿಲಿನಲ್ಲಿ ಮುಚ್ಚುವುದಾಗಿ ಘೋಷಿಸಿದಾಗ ಅಲ್ಲಿನ ನೃತ್ಯತಂಡವಾದ ರಾಕೆಟ್ಸ್ ನರ್ತಕಿಯರು ಬೀದಿಗಿಳಿದರು, ಪತ್ರಿಕೆಗಳು ಬರೆದವು, ಮಾರ್ಚ್ ತಿಂಗಳಲ್ಲಿ ಒಳಾಂಗಣಕ್ಕೆ ಸ್ಮಾರಕದ ಮಾನ್ಯತೆ ಸಿಕ್ಕಿತು. ಹದಿನೆಂಟು ವರ್ಷ ಮೊದಲು ಇದೇ ಘೋಷಣೆ ಹೊರಟಿದ್ದರೆ ಅದೂ ಇಂದು ಛಾಯಾಚಿತ್ರದಲ್ಲಷ್ಟೇ ಇರುತ್ತಿತ್ತು.

ಇನ್ನೊಂದು ವಿಷಯವನ್ನು ಒತ್ತಿ ಹೇಳಬೇಕು. ಉಳಿದದ್ದು ಕಟ್ಟಡ, ಚಿತ್ರಮಂದಿರವಲ್ಲ. ಚಿತ್ರ ಮತ್ತು ರಂಗಪ್ರದರ್ಶನ ಕೂಡಿದ ಹಳೆಯ ಪದ್ಧತಿ ರೇಡಿಯೊ ಸಿಟಿಯಲ್ಲಿ 1979ಕ್ಕೇ ಮುಗಿಯಿತು, ಅಲ್ಲಿಂದೀಚೆಗೆ ಅದು ಸಂಗೀತ ಕಛೇರಿ ಮತ್ತು ಕ್ರಿಸ್ಮಸ್ ನೃತ್ಯಪ್ರದರ್ಶನಗಳ ಸಭಾಂಗಣ. ಪ್ರೊಜೆಕ್ಟರ್ ಕೋಣೆಯವರು ರಂಗದ ಬಗ್ಗೆ ಹೇಳಿದ್ದು ಇಲ್ಲಿ ಪೂರ್ತಿ ಹೊಂದುತ್ತದೆ.

ಮೂಲೆಸೀಟು

ಸೆಂಟರ್ ಥಿಯೇಟರಿನ ಉದಾಹರಣೆಯ ಮುಂದೆ ನನ್ನ ವಾದ ನಿಲ್ಲುವುದು ಕಷ್ಟವೆಂದು ಒಪ್ಪುತ್ತೇನೆ. ಆದರೂ ಕಾನೂನಿಗೇ ಎಲ್ಲ ಶ್ರೇಯಸ್ಸನ್ನು ಕೊಡಲು ಮನಸ್ಸು ಬರುತ್ತಿಲ್ಲ. 1960ಕ್ಕೂ 1978ಕ್ಕೂ ನಡುವೆ ಕಾಯಿದೆಯ ಜೊತೆಗೆ ಜನರ ಭಾವನೆಯೂ ಬದಲಾಗಿತ್ತು. ಮೂವತ್ತು ವರ್ಷದ ಕಟ್ಟಡವನ್ನು ಜನ ಹಳತೆಂದು ಹೀಗಳೆಯುತ್ತಾರೆ, ಐವತ್ತು ವರ್ಷ ದಾಟಿದರೆ ಪುರಾತನವೆಂದು ಕೈಮುಗಿಯುತ್ತಾರೆ. ರಾಕ್ಸಿ ಆ ನಡುವಿನ ಕೆಟ್ಟ ವಯಸ್ಸಿನಲ್ಲಿ ಸಿಕ್ಕಿಬಿದ್ದಿತು. 1968ರಲ್ಲಿ ಕ್ಯಾಪಿಟಲ್ ಹೋದಾಗ ಕಾಯಿದೆ ಜಾರಿಯಲ್ಲೇ ಇತ್ತು, ಆದರೂ ಅದನ್ನು ಉಳಿಸಲಾಗಲಿಲ್ಲ.

ಹಳೆರೀಲು

ಎಲ್ಲರಿಗೂ ಕೃತಜ್ಞತೆಗಳು. ಆಕಾಶವನ್ನೂ ಅಳೆದು ಮಾರಬಹುದೆಂಬುದು ನನಗೆ ಹೊಸ ವಿಷಯ. ಕೊನೆಯದಾಗಿ ಒಂದು ಪ್ರಶ್ನೆ: ರಾಕ್ಸಿಯ ಅಂಶ ಯಾವುದಾದರೂ ಇಂದು ನೋಡಲು ಸಿಗುತ್ತದೆಯೇ?

ಪ್ರೊಜೆಕ್ಟರ್ ಕೋಣೆ

ಖಂಡಿತ ಸಿಗುತ್ತದೆ, ಮತ್ತು ಕಲ್ಲು ಗಾರೆಯ ರೂಪದಲ್ಲೇ ಸಿಗುತ್ತದೆ. ರಾಥಾಫೆಲ್ ಅವರಿಗೆ ತಮ್ಮ ಹೆಸರಿನ ಚಿತ್ರಮಂದಿರಗಳ ಸರಣಿಯನ್ನೇ ಕಟ್ಟುವ ಯೋಜನೆಯಿತ್ತು. ಲೂಬಿನ್ ಕೈಚೆಲ್ಲಿದ ಮೇಲೆ ಅದು ಮುರಿದುಬಿತ್ತಾದರೂ, ಬ್ರಾಡ್‌ವೇ ಮತ್ತು 74ನೆಯ ಬೀದಿಯ ಬಳಿ ಆಲ್‌ಶ್ಲಾಗರ್ ಅವರೇ ರೂಪಿಸಿದ ರಾಕ್ಸಿ ಮಿಡ್‌ವೇ ಎಂಬ ಚಿತ್ರಮಂದಿರದ ಕೆಲಸ ಬಹುತೇಕ ಮುಗಿದಿತ್ತು. ಅದನ್ನು ವಾರ್ನರ್ ಬ್ರದರ್ಸ್ ಕೊಂಡು 1929ರ ಡಿಸೆಂಬರ್ 24ರಂದು ಬೀಕನ್ ಎಂಬ ಹೆಸರಿನಲ್ಲಿ ತೆರೆದರು. ಆಸನಗಳು 2,894, ಅಂದರೆ ರಾಕ್ಸಿಯ ಅರ್ಧಕ್ಕೂ ಕಡಿಮೆ. 1979ರಲ್ಲಿ ಅದರ ಒಳಾಂಗಣಕ್ಕೂ ಸ್ಮಾರಕದ ಮಾನ್ಯತೆ ದೊರೆಯಿತು, 2009ರಲ್ಲಿ ಜೀರ್ಣೋದ್ಧಾರವೂ ಆಯಿತು. ಈಗ ಅದೊಂದು ಬೇಡಿಕೆಯ ಸಂಗೀತ ಸಭಾಂಗಣ.

ರಾಕ್ಸಿಯಲ್ಲಿ ಏಳನೆಯ ಅವೆನ್ಯೂವಿನ ಹೋಟೆಲಿನ ಮೂಲಕ ಹಾದುಬರುವ ಉದ್ದನೆಯ ಮೊಗಸಾಲೆ ದಾಟಿದರೆ, ಕಂಬಗಳ ನಡುವೆ ಅಂಡಾಕಾರದ ಭಾರಿ ರತ್ನಗಂಬಳಿ ಹಾಸಿದ ಗುಮ್ಮಟದ ಹಜಾರ ಎದುರಾಗುತ್ತಿತ್ತು. ಅಲ್ಲಿ ಕಾಯುವವರ ಬೇಸರ ಕಳೆಯಲು ಮಹಡಿಯ ಮೇಲೊಂದು ಪ್ರತ್ಯೇಕ ಪೈಪ್ ಆರ್ಗನ್ ಇತ್ತು. ಒಳಗಿನ ಸಭಾಂಗಣದ ದೊಡ್ಡ ಆರ್ಗನ್ ಬೇರೆ, ಅದನ್ನು ಮೂವರು ವಾದಕರು ಮೂರು ಕಡೆ ಕೂತು ಒಟ್ಟಿಗೇ ನುಡಿಸಬಹುದಿತ್ತು. ಬೀಕನ್‌ನ ದುಂಡನೆಯ ಹಜಾರದಲ್ಲಿ ನಿಂತವರಿಗೆ ರಾಕ್ಸಿಯ ಆ ಗುಮ್ಮಟದ ಹಜಾರದ ಕಿರಿಯ ರೂಪ ಕಾಣುತ್ತದೆ. ಹಳೆಯ ಹೋಟೆಲಿನ ಕಟ್ಟಡವೂ ಬೇರೆ ಹೆಸರಿನಲ್ಲಿ ಹಾಗೆಯೇ ಇದೆ.

ಇನ್ನು ರಾಕೆಟ್ಸ್. 1925ರಲ್ಲಿ ಸೇಂಟ್ ಲೂಯಿಸ್ ನಗರದಲ್ಲಿ ರಸೆಲ್ ಮಾರ್ಕರ್ಟ್ ಕಟ್ಟಿದ ಈ ನೃತ್ಯತಂಡ ನ್ಯೂಯಾರ್ಕಿನಲ್ಲಿ ನೆಲೆಯೂರಿದ್ದು ರಾಕ್ಸಿಯಲ್ಲಿ, ರಾಕ್ಸಿಯೆಟ್ಸ್ ಎಂಬ ಹೆಸರಿನಿಂದ. ರಾಥಾಫೆಲ್ ಅವರ ಹಿಂದೆಯೇ ರೇಡಿಯೊ ಸಿಟಿಗೆ ಹೋಗಿ, 1934ರಲ್ಲಿ ಹೆಸರು ಬದಲಿಸಿಕೊಂಡರು. ನಗರನಕ್ಷೆಯವರು ಹೇಳಿದ 1978ರ ಹೋರಾಟದಲ್ಲಿ ರೇಡಿಯೊ ಸಿಟಿಯ ಪರವಾಗಿ ಬೀದಿಗಿಳಿದದ್ದು ಇದೇ ತಂಡ.